ಎರಡು ಪುಟಗಳ ನಡುವೆ ನಿಂತ ಉಪಾಧ್ಯಾಯರು

ಒಂದು ಪುಟದಲ್ಲಿ ಇಂಗ್ಲಿಷು, ಎದುರುಪುಟದಲ್ಲಿ ಕನ್ನಡ. ಕೇಳುವ ಮಕ್ಕಳ ಮನೆಗಳಲ್ಲಿ ಮರಾಠಿ, ದಖನಿ ಉರ್ದು, ಲಂಬಾಣಿ. ದ್ವಿಭಾಷಾ ಪಠ್ಯಪುಸ್ತಕವನ್ನು ಸರಕಾರ ಅಚ್ಚುಹಾಕಿಸಿ ಕೊಟ್ಟಿದೆ. ಅದನ್ನು ಕಲಿಸಬೇಕಾದವರನ್ನು ಸಿದ್ಧಗೊಳಿಸುವ ಕೆಲಸ ಎಲ್ಲಿಗೆ ಬಂತು?

ಮಿರಗದ ಮಳೆ ಹದವಾಗಿ ಸುರಿದು, ಬೀದರ ಜಿಲ್ಲೆಯ ಹುಮನಾಬಾದ ಚಿಟಗುಪ್ಪ ಸೀಮೆಯ ಹೊಲಗಳಿಗೆ ತೊಗರಿ, ಉದ್ದು, ಹೆಸರುಗಳನ್ನು ಬಿತ್ತಲು ಕೂರಿಗೆಗಳು ಇಳಿಯುವ ಹೊತ್ತಿಗೆ ಸರಿಯಾಗಿಯೆ, ಊರ ಶಾಲೆಯ ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟಿ, ಮಕ್ಕಳ ಕೈಗೆ ಹೂವನ್ನೂ ಹೊಸ ಪುಸ್ತಕವನ್ನೂ ಇತ್ತು, ಪ್ರಾರಂಭೋತ್ಸವವೆಂಬ ಹೆಸರಿನಿಂದ ವಿದ್ಯಾವರ್ಷವನ್ನು ಬರಮಾಡಿಕೊಳ್ಳುವ ಸಂಭ್ರಮವೂ ನಡೆಯುತ್ತದೆ.

ಕೊಡಂಬಲದಂಥ ಊರೊಂದರ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ, ಆ ತೋರಣದ ಎಲೆ ಒಣಗುವುದಕ್ಕೆ ಮುಂಚೆಯೆ, ಎರಡನೆಯ ತರಗತಿಯ ಗಣಿತಪಾಠ ಆರಂಭವಾಗಿದೆಯೆಂದು ಭಾವಿಸಿರಿ. ಹತ್ತು ಹತ್ತು ಕಡ್ಡಿಗಳ ಎರಡು ಕಟ್ಟುಗಳನ್ನೂ ಬಿಡಿಯಾದ ಒಂದು ಕಡ್ಡಿಯನ್ನೂ ಎತ್ತಿ ಹಿಡಿದು, "ಇವು ಎಷ್ಟ ಅವ, ಹೇಳ್ರಿ ನೋಡಮು" ಎಂದು ಉಪಾಧ್ಯಾಯಿನಿ ಕೇಳುತ್ತಾರೆ.

ಮುಂದಿನ ಸಾಲಿನಿಂದ "ಇಪ್ಪತ್ತೊಂದು" ಎಂಬ ಧ್ವನಿ ಏಳುತ್ತದೆ. ಕಿಟಕಿಯ ಬದಿಯಿಂದ "ಏಕ್‌ವೀಸ್". ಗೋಡೆಗೆ ಒರಗಿ ಕುಳಿತವನಿಂದ "ಇಕ್ಕೀಸ್". ತೆರೆದಿಟ್ಟ ಪುಸ್ತಕದ ಒಂದು ಪುಟ "ಟ್ವೆಂಟಿ ಒನ್" ಎನ್ನುತ್ತಿದೆ. ನಾಲ್ಕೂ ಸರಿಯಾದ ಉತ್ತರಗಳೆ. ಆದರೆ ಪಾಟಿಯ ಮೇಲೆ ಬರೆಯಿರೆಂದಾಗ, ಏಕ್‌ವೀಸ್ ಎಂದ ಹುಡುಗಿ 12 ಎಂದು ಬರೆದು, ನಿಸ್ಸಂಶಯವಾಗಿ ಎತ್ತಿ ತೋರಿಸುತ್ತಾಳೆ.

ಆಕೆ ಕೇಳಿದಂತೆಯೆ ಬರೆದಿದ್ದಾಳೆ. ಕನ್ನಡದ ಎಣಿಕೆ ಇಪ್ಪತ್ತರ ಅನಂತರ ಹತ್ತನ್ನು ಮೊದಲು ನುಡಿದು ಬಿಡಿಯನ್ನು ಅನಂತರ ನುಡಿಯುವುದರಿಂದ, ಬಾಯಿ ಹೇಳಿದ ಕ್ರಮದಲ್ಲಿಯೆ ಕೈ ಬರೆದರೂ ಅಂಕೆ ಸ್ವಸ್ಥಾನದಲ್ಲಿ ಕೂರುತ್ತದೆ. ಮರಾಠಿಯೂ ಉರ್ದುವೂ ಬಿಡಿಯನ್ನು ಮುಂದಿಟ್ಟು ಹತ್ತನ್ನು ಹಿಂದಿಡುತ್ತವೆ. ಇಂಗ್ಲಿಷಾದರೋ ಹದಿಮೂರರಿಂದ ಹತ್ತೊಂಬತ್ತರ ವರೆಗೆ ಮರಾಠಿಯ ಪಕ್ಷವನ್ನು ಹಿಡಿದು, ಇಪ್ಪತ್ತು ದಾಟಿದೊಡನೆಯೆ ಕನ್ನಡದ ಪಕ್ಷಕ್ಕೆ ಬಂದುಬಿಡುತ್ತದೆ. ಹತ್ತೊಂಬತ್ತಕ್ಕೆ ಮರಾಠಿ ಬಳಸುವ ಏಕೋಣೀಸ್ ಎಂಬುದರಲ್ಲಿ ಇಪ್ಪತ್ತಕ್ಕೆ ಒಂದು ಕಡಮೆಯೆಂಬ ಕಳೆಯುವ ಲೆಕ್ಕವೆ ಅಡಗಿದೆ.

ಏಳು ವರ್ಷದ ಮಗು ಇಷ್ಟು ಪದ್ಧತಿಗಳ ನಡುವೆ ಕುಳಿತಿದೆಯೆಂಬುದನ್ನು ಬಲ್ಲ ಉಪಾಧ್ಯಾಯಿನಿ, ಕಟ್ಟುಗಳನ್ನು ಎಡಕ್ಕೂ ಬಿಡಿಕಡ್ಡಿಯನ್ನು ಬಲಕ್ಕೂ ಇರಿಸಿ, ಹುಡುಗಿಯಿಂದ ಆಕೆಯ ಮಾತಿನಲ್ಲಿಯೆ ಎಣಿಸಿ, ಆಮೇಲೆ ಕನ್ನಡದಲ್ಲಿ ಎಣಿಸಿ, ಕಡೆಯಲ್ಲಿ ಇಂಗ್ಲಿಷಿಗೆ ಹೋದಾರು. ಅರಿಯದವರು 'ಲೆಕ್ಕ ಬರುವುದಿಲ್ಲ' ಎಂದು ಷರಾ ಬರೆದಾರು.

ಈ ಅರಿವನ್ನು ದ್ವಿಭಾಷಾ ಶಾಲೆಯ ಉಪಾಧ್ಯಾಯರಿಗೆ ಯಾರು, ಎಲ್ಲಿ, ಎಷ್ಟು ಕಾಲ ಕಲಿಸುತ್ತಾರೆಂಬುದೇ ಪ್ರಕೃತ ವಿಚಾರ. ಇಂಗ್ಲಿಷನ್ನು ಸರಾಗವಾಗಿ ಮಾತಾಡಲು ಕಲಿಸುವ ತರಬೇತಿಯಿಂದ ಇದು ಬರತಕ್ಕದ್ದಲ್ಲ.

ನೆರೆಯ ಮಹಾರಾಷ್ಟ್ರದಲ್ಲಿ 2019ರ ಜೂನಿನಲ್ಲಿ ಈ ಎಣಿಕೆಯ ಕ್ರಮದ ಪ್ರಶ್ನೆ ವಿಧಾನಮಂಡಲದ ವರೆಗೆ ಹೋಗಿತ್ತು. ಅಲ್ಲಿಯ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ ಪ್ರಕಟಿಸಿದ ಎರಡನೆಯ ತರಗತಿಯ ಗಣಿತಪುಸ್ತಕವು ಏಕ್‌ವೀಸ್ ಎಂಬುದರ ಜೊತೆಗೆ 'ವೀಸ್ ಏಕ್' ಎಂಬ ನೇರ ಕ್ರಮವನ್ನೂ ಹೇಳಿಕೊಡಲು ಹೊರಟಾಗ, ಮಾತೃಭಾಷೆಯನ್ನು ಕೆಡಿಸಿದರೆಂದು ದೊಡ್ಡ ಗದ್ದಲವೆದ್ದಿತು. ಆ ಪುಸ್ತಕದ ಗಣಿತಸಮಿತಿಯ ಅಧ್ಯಕ್ಷೆಯಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರರು, ಮಕ್ಕಳಿಗೆ ಸುಲಭವಾಗಲೆಂದು ಈ ಕ್ರಮವೆಂದು ಸಮಾಧಾನದಿಂದ ಸಮರ್ಥಿಸಬೇಕಾಯಿತು. ಗದ್ದಲ ಮಾಡಿದವರಲ್ಲಿ ಎರಡನೆಯ ತರಗತಿಗೆ ಗಣಿತ ಹೇಳಿಕೊಟ್ಟವರು ಎಷ್ಟು ಮಂದಿಯೊ!

ಅದೇ ವರ್ಷ ನಮ್ಮಲ್ಲಿ ದ್ವಿಭಾಷಾ ತರಗತಿಗಳು ಆರಂಭವಾದವು.

ಮೂರು ಸೀಮೆ ಕೂಡುವ ನೆಲ

ಕೊಡಂಬಲವು ಮೊದಲು ಹುಮನಾಬಾದ ತಾಲ್ಲೂಕಿಗೆ ಸೇರಿದ್ದು, ಈಗ ಚಿಟಗುಪ್ಪ ತಾಲ್ಲೂಕಿನ ಲೆಕ್ಕದಲ್ಲಿರುವ ಗ್ರಾಮ. ಇಲ್ಲಿಂದ ಪಶ್ಚಿಮಕ್ಕೆ ಬಸವಕಲ್ಯಾಣವನ್ನು ದಾಟಿದರೆ ಮರಾಠಿಯ ಉಮರ್ಗಾ. ಪೂರ್ವಕ್ಕೆ ಹೋದರೆ ತೆಲುಗಿನ ಜಹೀರಾಬಾದು. ಹುಮನಾಬಾದದ ಮೂಲಕ ಹಾದುಹೋಗುವ ಪುಣೆ ಹೈದರಾಬಾದು ಹೆದ್ದಾರಿ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಸಂತೆಯ ದಿನ ಒಬ್ಬನೇ ವ್ಯಾಪಾರಿ ಒಂದೇ ತಾಸಿನಲ್ಲಿ ಮೂರು ಮಾತುಗಳಲ್ಲಿ ದರ ಹೇಳುವುದು ಈ ಕಡೆ ವಿಶೇಷವೆನಿಸುವುದಿಲ್ಲ.

ಬಹುಭಾಷೆ ಇಲ್ಲಿಯ ಹೊಸ ಸಮಸ್ಯೆಯೇನಲ್ಲ. ಚಾಲುಕ್ಯರ ಕಲ್ಯಾಣಕ್ಕೆ, ಎಂದರೆ ಇಂದಿನ ಬಸವಕಲ್ಯಾಣಕ್ಕೆ, ಕಾಶ್ಮೀರದಿಂದ ಬಿಲ್ಹಣ ಬಂದು ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಸಂಸ್ಕೃತಕಾವ್ಯ ಬರೆದ. ಅದೇ ಪಟ್ಟಣದಲ್ಲಿ ಮುಂದೆ ಶರಣರು ಜನದ ನುಡಿಯಲ್ಲಿ ತತ್ತ್ವಕ್ಕೆ ಬಾಯಿಕೊಟ್ಟರು. ಬೀದರದಲ್ಲಿ 1472ರಲ್ಲಿ ಎದ್ದ ಮಹಮೂದ್ ಗಾವಾನನ ಮದರಸಾ ದೂರದೇಶದ ವಿದ್ವಾಂಸರನ್ನು ಕರೆಸಿಕೊಂಡು, ಗುರುಶಿಷ್ಯರಿಬ್ಬರಿಗೂ ವಸತಿಯನ್ನಿತ್ತಿತ್ತು. ಹುಮನಾಬಾದದ ಪಕ್ಕದ ಮಾಣಿಕನಗರದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿ, ಉರ್ದು ಮೊದಲಾದ ನುಡಿಗಳಲ್ಲಿ ಪದ ಕಟ್ಟಿದರು. ಇವತ್ತಿಗೂ ಅವನ್ನು ಹಾಡುವ ಭಕ್ತರು ಯಾವ ಪದ ಯಾವ ಭಾಷೆಯದೆಂದು ವಿಚಾರಿಸಿಕೊಂಡು ತಾಳ ಹಾಕುವುದಿಲ್ಲ.

ಶಾಲೆಯ ಕಥೆ ಮಾತ್ರ ಬೇರೆ. ಈ ಸೀಮೆಯನ್ನಾಳಿದ ಹೈದರಾಬಾದು ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕೊಡುವ ಮಹತ್ಸಾಹಸವನ್ನೇನೊ ಮಾಡಿತು, ಆದರೆ ಆ ಭಾಷೆ ಬೀದರ, ಕಲಬುರಗಿ, ರಾಯಚೂರುಗಳ ರೈತನ ಮನೆಯ ಭಾಷೆಯಾಗಿರಲಿಲ್ಲ. ಮಾತೃಭಾಷೆಯನ್ನು ಮನೆಯಲ್ಲಿಯೆ ಇರಿಸಿ ಬಂದ ಹುಡುಗನೆ ಮುಂದೆ ಉಪಾಧ್ಯಾಯನಾದ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತದೊಡನೆ ಸೇರಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಗಿ, ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ, ಉಳಿದ ಭಾಗ ಮೈಸೂರು ರಾಜ್ಯಕ್ಕೂ ಹೋದವು. ಉರ್ದುವಿನಲ್ಲಿ ಓದಿ ಉರ್ದುವಿನಲ್ಲಿಯೆ ಪರೀಕ್ಷೆ ಕಟ್ಟಿದ ಉಪಾಧ್ಯಾಯರು ಭೂಗೋಳವನ್ನೂ ಗಣಿತವನ್ನೂ ಕನ್ನಡದಲ್ಲಿ ಹೇಳಬೇಕಾಗಿ ಬಂತು. ರಾತ್ರಿ ಲಾಂದ್ರದ ಬೆಳಕಿನಲ್ಲಿ ತಾವು ಕಲಿತುದನ್ನು ಮರುದಿನ ಕರಿಹಲಗೆಯ ಮೇಲೆ ಬರೆದ ಆ ಪೀಳಿಗೆಯ ಪರಿಶ್ರಮವನ್ನು ವೃತ್ತಿವಿಕಾಸವೆಂಬ ದೊಡ್ಡ ಹೆಸರಿನಿಂದ ಆಗ ಯಾರೂ ಕರೆಯಲಿಲ್ಲ; ಈಗಲೂ ಅದರ ಚರಿತ್ರೆಯನ್ನು ಯಾರೂ ಸರಿಯಾಗಿ ಬರೆದಂತಿಲ್ಲ.

● ಚೌಕಟ್ಟು: ಹೊರಗೆ ಉರ್ದು, ಒಳಗೆ ಕನ್ನಡ
*ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯಲ್ಲಿ ಶಾಲೆಯ ಹೊರಗೆ ಉರ್ದು ನಾಮಫಲಕವನ್ನು ತೂಗಿಸಿ, ಒಳಗೆ ಕನ್ನಡವನ್ನು ಕಲಿಸಿದರೆಂಬುದು ಬೀದರ ಜಿಲ್ಲೆಯಲ್ಲಿ ಮಕ್ಕಳೂ ಬಲ್ಲ ಸಂಗತಿ. ನೂರು ವರ್ಷಕ್ಕೂ ಮಿಕ್ಕ ತುಂಬುಬಾಳನ್ನು ಬಾಳಿ ಅವರು 1999ರಲ್ಲಿ ಲಿಂಗೈಕ್ಯರಾದರು. ಆ ಶಾಲೆಗಳಲ್ಲಿ ಪಾಠ ಹೇಳಿದವರು ಎರಡು ಭಾಷೆಗಳನ್ನು ಬಲ್ಲವರಾಗಿರುವುದರ ಜೊತೆಗೆ, ಯಾವ ಭಾಷೆಯನ್ನು ಯಾವಾಗ, ಯಾರ ಮುಂದೆ ಹೊರತೆಗೆಯಬೇಕೆಂಬುದನ್ನೂ ಬಲ್ಲವರಾಗಿರಬೇಕಿತ್ತು.*

ಪುಸ್ತಕ ಬಂತು, ವಿಭಾಗ ಬಂತು

ಕನ್ನಡಮಾಧ್ಯಮದ ವ್ಯಾಜ್ಯ ದೀರ್ಘವಾದದ್ದು. ಗೋಕಾಕ್ ವರದಿಯ ಚಳವಳಿ, 1994ರ ಭಾಷಾನೀತಿ, ಅದರ ಮೇಲಿನ ಮೊಕದ್ದಮೆ, ಮಾಧ್ಯಮದ ಆಯ್ಕೆ ತಂದೆತಾಯಿಗಳದೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು: ಇವೆಲ್ಲ ಓದುಗರಿಗೆ ತಿಳಿದುವೇ. ಆ ತೀರ್ಪಿನ ಬಳಿಕ ಹಳ್ಳಿಯ ತಾಯಿಯೂ ಮಗುವನ್ನು ಖಾಸಗಿ ಶಾಲೆಯ ಹಳದಿ ಬಸ್ಸಿಗೆ ಹತ್ತಿಸತೊಡಗಿದಳು. ಸರಕಾರಿ ಶಾಲೆಗಳ ಹಾಜರಿಪುಸ್ತಕ ತೆಳುವಾಯಿತು.

ಆಗ ಸರಕಾರ ತಾನೇ ಇಂಗ್ಲಿಷಿನ ಕಡೆಗೆ ಒಂದು ಬಾಗಿಲು ತೆರೆಯಿತು. 2018ರ ಜುಲೈ ಮುಂಗಡಪತ್ರದಲ್ಲಿ ಘೋಷಿತವಾಗಿ, 2019-20ರಲ್ಲಿ 1,000 ಸರಕಾರಿ ಶಾಲೆಗಳ ಒಂದನೆಯ ತರಗತಿಯಲ್ಲಿ ಇಂಗ್ಲಿಷ್ ವಿಭಾಗಗಳು, ಎಂದರೆ ಈ ದ್ವಿಭಾಷಾ ತರಗತಿಗಳು, ಆರಂಭವಾದವು. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಿಂದ ಚಂದ್ರಶೇಖರ ಕಂಬಾರರು ಇದನ್ನು ವಿರೋಧಿಸಿದರು. 2024-25ರ ಮುಂಗಡಪತ್ರವು ಇನ್ನೂ 2,000 ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಶಾಲೆಗಳನ್ನಾಗಿಸುವ ಮಾತಾಡಿತು. ಆ ಬಳಿಕವೂ ಪಟ್ಟಿ ಬೆಳೆಯುತ್ತಲೇ ಇದೆ.

ವಾದಪ್ರತಿವಾದಗಳೆಲ್ಲ ಇಂಗ್ಲಿಷು ಬೇಕೆ ಬೇಡವೆ ಎಂಬಲ್ಲಿಯೆ ನಿಂತುವು. ವಿಭಾಗ ತೆರೆದ ಮೇಲೆ, ನಿನ್ನೆಯ ವರೆಗೆ ಪರಿಸರ ಅಧ್ಯಯನವನ್ನೂ ಗಣಿತವನ್ನೂ ಕನ್ನಡದಲ್ಲಿ ಹೇಳುತ್ತಿದ್ದವರು ನಾಳೆಯಿಂದ ಎರಡು ಭಾಷೆಗಳಲ್ಲಿ ಹೇಗೆ ಹೇಳಬೇಕೆಂಬ ಸಣ್ಣ ಪ್ರಶ್ನೆಗೆ, ಪರ ವಿರೋಧ ಎರಡೂ ಪಕ್ಷದವರಿಗೆ ವ್ಯವಧಾನವಿರಲಿಲ್ಲ. ವಿರೋಧಿಸಿದವರಿಗೆ ಅದು ತಮ್ಮ ಪ್ರಶ್ನೆಯೆನಿಸಲಿಲ್ಲ. ತೆರೆದವರು ಅದಕ್ಕೆ ತರಬೇತಿಯೆಂಬ ಒಂದೇ ಉತ್ತರವನ್ನು ಕಡತದಲ್ಲಿ ಬರೆದು ಮುಗಿಸಿದರು.

ಕಾಲುವೆಯ ಕೊನೆಯ ಹೊಲ

ತರಬೇತಿಯ ವ್ಯವಸ್ಥೆ ನೋಡುವುದಕ್ಕೆ ಸುವ್ಯವಸ್ಥಿತವಾಗಿದೆ. ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯಲ್ಲಿ ಕೈಪಿಡಿ ಸಿದ್ಧವಾಗುತ್ತದೆ; ಮುಖ್ಯ ಸಂಪನ್ಮೂಲ ವ್ಯಕ್ತಿಗಳು ಅಲ್ಲಿ ಕಲಿತು ಬಂದು, 1986ರ ಶಿಕ್ಷಣನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಹುಟ್ಟಿದ ಡಯಟ್ ಎಂಬ ಜಿಲ್ಲಾ ತರಬೇತಿ ಸಂಸ್ಥೆಗಳಲ್ಲಿ ಕಲಿಸುತ್ತಾರೆ; ಅಲ್ಲಿ ಕಲಿತ ಸಂಪನ್ಮೂಲ ವ್ಯಕ್ತಿಗಳು ಬ್ಲಾಕ್ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಕಲಿಸುತ್ತಾರೆ; ಬಿಆರ್‌ಸಿಯಿಂದ ಅದು ಕ್ಲಸ್ಟರಿಗೂ ಕ್ಲಸ್ಟರಿನಿಂದ ಶಾಲೆಗೂ ಇಳಿಯಬೇಕು.

ಕಾರಂಜಾ ಕಾಲುವೆಯ ಕೊನೆಯ ಹೊಲದ ರೈತನನ್ನು ಕೇಳಿದರೆ ಈ ಪದ್ಧತಿಯ ಗುಣದೋಷಗಳನ್ನು ಅವನು ವಿವರಿಸಿಯಾನು. ನಾಲ್ಕು ಹಂತ ಇಳಿದು ಬರುವಷ್ಟರಲ್ಲಿ ಕೈಪಿಡಿಯ ಶೀರ್ಷಿಕೆಗಳು ಉಳಿದು, ಅವುಗಳ ಒಳಗಿದ್ದ ಪ್ರಾತ್ಯಕ್ಷಿಕೆಯೂ ಚರ್ಚೆಯೂ ಸೋರಿಹೋಗಿರುತ್ತವೆ. ಉಪಾಧ್ಯಾಯರ ಬಾಯಲ್ಲಿ ತರಬೇತಿಯ ದಿನಗಳಿಗೆ 'ಒಒಡಿ' ಎಂದು ಹೆಸರು: ಶಾಲೆಯ ಕರ್ತವ್ಯಕ್ಕೆ ಬದಲಾಗಿ ಬೇರೆಡೆ ಕರ್ತವ್ಯ. "ಟ್ರೇನಿಂಗ್ ಹ್ಯಾಂಗಾಯ್ತ್ರೀ ಸರ?" ಎಂದು ಕೇಳಿದರೆ "ಊಟ ಚಲೋ ಇತ್ತರೀ" ಎಂಬ ಉತ್ತರ ಇಲಾಖೆಯಲ್ಲಿ ಹಳೆಯ ವಿನೋದ. ಅದರಲ್ಲಿ ವ್ಯಥೆಯೂ ಅಷ್ಟೇ ಇದೆ.

ಇಂಗ್ಲಿಷಿಗೆ ಬೇರೆಯೆ ಒಂದು ಸಂಸ್ಥೆಯುಂಟು. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ, 1963ರಲ್ಲಿ ಹುಟ್ಟಿದ ದಕ್ಷಿಣಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 30 ದಿನಗಳ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅಲ್ಲಿಗೆ ಹೋಗಿಬಂದವರು ಅದನ್ನು ಕೃತಜ್ಞತೆಯಿಂದ ನೆನೆಯುವುದು ಅಸಹಜವಲ್ಲ. ಬೀದರದಿಂದ ಸುಮಾರು 700 ಕಿಲೋಮೀಟರು ದೂರದಲ್ಲಿ, ಮನೆಯ ಹೊಣೆಯನ್ನು ಒಂದು ತಿಂಗಳು ಬದಿಗಿರಿಸಿ, ತನ್ನ ಬಾಯಲ್ಲಿ ಇಂಗ್ಲಿಷು ಹೊರಳುವುದನ್ನು ತಾನೇ ಕೇಳಿಕೊಳ್ಳುವುದು ಸಾಮಾನ್ಯ ಅನುಭವವೇನಲ್ಲ. ಆದರೆ ಅದರ ಲಕ್ಷ್ಯವೆಲ್ಲ ಇಂಗ್ಲಿಷಿನ ಮೇಲೆಯೆ. ಹಿಂತಿರುಗಿದ ಉಪಾಧ್ಯಾಯಿನಿಯ ಎದುರಿಗೆ 12 ಬರೆದ ಹುಡುಗಿ ಕುಳಿತಿರುತ್ತಾಳೆ. ಆಕೆಗೆ ಬೇಕಾದದ್ದು ಉಪಾಧ್ಯಾಯಿನಿಯ ಉಚ್ಚಾರಣೆಯ ಶುದ್ಧಿಯಲ್ಲ.

ರಾಷ್ಟ್ರೀಯ ಶಿಕ್ಷಣನೀತಿ 2020 ಪ್ರತಿ ಉಪಾಧ್ಯಾಯರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿವಿಕಾಸವನ್ನು ವಿಧಿಸಿದೆ. ವಿಜ್ಞಾನ ಗಣಿತಗಳಿಗೆ ಉತ್ತಮ ದ್ವಿಭಾಷಾ ಪುಸ್ತಕಗಳು ಬೇಕೆಂದೂ ಹೇಳಿದೆ. ಎರಡೂ ಸ್ವಾಗತಾರ್ಹ. ಆದರೆ ಆ ಗಂಟೆಗಳಲ್ಲಿ ಬಹುಪಾಲು ದೀಕ್ಷಾ ಎಂಬ ಅಂತರ್ಜಾಲ ವೇದಿಕೆಯ ವಿಡಿಯೊಗಳಲ್ಲಿ ಕಳೆಯುವುದಾದರೆ, ಮೊಬೈಲು ತನ್ನಷ್ಟಕ್ಕೆ ಓಡುತ್ತಿರಲು ಪ್ರಮಾಣಪತ್ರ ಕೈಸೇರುವ ಸಾಧ್ಯತೆಯನ್ನು ನಾವು ಸಭ್ಯತೆಗಾಗಿಯಾದರೂ ಮರೆಮಾಚಬೇಕಾಗಿಲ್ಲ.

ಒಂದು ಹೋಲಿಕೆ ಇಲ್ಲಿ ಉಪಯುಕ್ತವಾದೀತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಆಶ್ರಯದಲ್ಲಿರುವ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು, ಬೇರೆ ರಾಜ್ಯಗಳಿಂದ ನಿಯೋಜಿತರಾಗಿ ಬಂದ ಉಪಾಧ್ಯಾಯರಿಗೆ ಕನ್ನಡ, ತೆಲುಗು, ತಮಿಳು, ಮಲಯಾಳಗಳಲ್ಲಿ ಒಂದನ್ನು ಕಲಿಸುವುದಕ್ಕೆ ಹತ್ತು ತಿಂಗಳ ಕಾಲವನ್ನು ಇಟ್ಟುಕೊಂಡಿದೆ. ಎಂದರೆ, ಭಾಷೆಯೊಂದನ್ನು ಕಲಿತು ಕಲಿಸಬಲ್ಲವರಾಗಲು ಎಷ್ಟು ಕಾಲ ಬೇಕೆಂಬುದು ಭಾರತ ಸರಕಾರಕ್ಕೆ ಅರ್ಧ ಶತಮಾನದಿಂದ ಗೊತ್ತಿರುವ ವಿಷಯ.

● ಚೌಕಟ್ಟು: ಮಯಾಮಿಯ ಜೋಡಿ ಉಪಾಧ್ಯಾಯರು
*ಅಮೆರಿಕದ ಮಯಾಮಿ ಪಟ್ಟಣದ ಕೋರಲ್ ವೇ ಪ್ರಾಥಮಿಕ ಶಾಲೆಯಲ್ಲಿ 1963ರಲ್ಲಿ ಅರ್ಧದಿನ ಇಂಗ್ಲಿಷು, ಅರ್ಧದಿನ ಸ್ಪ್ಯಾನಿಷಿನ ಪಾಠಕ್ರಮ ಆರಂಭವಾಯಿತು. ಕ್ಯೂಬಾ ದೇಶದಿಂದ ವಲಸೆ ಬಂದ ಕುಟುಂಬಗಳ ಮಕ್ಕಳೂ ಊರಿನ ಇಂಗ್ಲಿಷ್ ಮಾತಿನ ಮಕ್ಕಳೂ ಒಟ್ಟಿಗೆ ಕಲಿತರು. ಫೋರ್ಡ್ ಪ್ರತಿಷ್ಠಾನದ ನೆರವಿನ ಆ ಪ್ರಯೋಗದಲ್ಲಿ ಇಂಗ್ಲಿಷಿನ ಉಪಾಧ್ಯಾಯರೂ ಸ್ಪ್ಯಾನಿಷಿನ ಉಪಾಧ್ಯಾಯರೂ ಜೋಡಿಯಾಗಿ ಕುಳಿತು ಪಾಠಗಳನ್ನು ಯೋಜಿಸಿದರು. ಬೆಳಗ್ಗೆ ಒಬ್ಬರು ಕಲಿಸಿದುದನ್ನು ಮಧ್ಯಾಹ್ನ ಇನ್ನೊಬ್ಬರು ಬೇರೆ ಭಾಷೆಯಲ್ಲಿ ಮುಂದುವರಿಸುತ್ತಿದ್ದರು.*

ಎರಡು ಪುಟಗಳನ್ನು ಓದುವ ವಿದ್ಯೆ

ಎದುರುಬದುರು ಮುದ್ರಿತವಾದ ಪುಸ್ತಕ ಕೈಗೆ ಬಂದಾಗ ಎಂಥವರಿಗೂ ಮೊದಲು ತೋಚುವ ಉಪಾಯ ಒಂದೇ: ಇಂಗ್ಲಿಷಿನ ಒಂದು ವಾಕ್ಯ ಓದುವುದು, ಒಡನೆಯೆ ಅದರ ಕನ್ನಡ ಹೇಳುವುದು, ಮತ್ತೆ ಇನ್ನೊಂದು ವಾಕ್ಯ. ಇದು ಸಹಜವಾದ ಮಾರ್ಗ. ಆದರೆ, ದ್ವಿಭಾಷಾ ತರಗತಿಗಳನ್ನು ಕೂಲಂಕಷವಾಗಿ ನೋಡಿದವರು ಹಲವು ದೇಶಗಳಲ್ಲಿ ಕಂಡುಕೊಂಡಿರುವಂತೆ, ಇದೇ ನಿಷ್ಫಲವಾದ ಮಾರ್ಗ.

ಕಾರಣ ಸರಳವಾಗಿದೆ. ಮುಂದಿನ ಕ್ಷಣದಲ್ಲಿ ಕನ್ನಡ ಬರುತ್ತದೆಂದು ಬಲ್ಲ ಮಗು ಇಂಗ್ಲಿಷ್ ವಾಕ್ಯದ ಹೊತ್ತಿಗೆ ಕಿವಿಯನ್ನು ಮುಚ್ಚಿಕೊಂಡು ಕಾಯುತ್ತದೆ. ಮಕ್ಕಳು ಅಷ್ಟು ಮಿತವ್ಯಯಿಗಳು. ಉಪಾಧ್ಯಾಯರೂ ಹೇಗೂ ಭಾಷಾಂತರವಿದೆಯೆಂಬ ಭರವಸೆಯಿಂದ, ಇಂಗ್ಲಿಷನ್ನು ಅಭಿನಯದಿಂದಲೊ ಚಿತ್ರದಿಂದಲೊ ಅರ್ಥಮಾಡಿಸುವ ಶ್ರಮಕ್ಕೆ ಹೋಗುವುದಿಲ್ಲ.

ಇದಕ್ಕಿಂತ ಫಲಕಾರಿಯಾದ ದಾರಿಯಲ್ಲಿ ಎರಡು ಭಾಷೆಗಳಿಗೂ ಬೇರೆ ಬೇರೆ ಕೆಲಸವಿರುತ್ತದೆ. ಪರಿಸರ ಅಧ್ಯಯನದಲ್ಲಿ ಬೇರುಗಳ ಪಾಠವಿದೆಯೆನ್ನೋಣ. ಅಂಗಳದ ಹೊರಗಿನ ಹೊಲದಿಂದ ಒಂದು ತೊಗರಿಯ ಸಸಿ, ಒಂದು ಜೋಳದ ಸಸಿಯನ್ನು ಬೇರುಸಹಿತ ಕಿತ್ತು ತಂದು, ಮಕ್ಕಳು ತಮಗೆ ಬಂದ ಮಾತಿನಲ್ಲಿ, ಅದು ಲಂಬಾಣಿಯಾದರೂ ಸರಿಯೆ, ತಮ್ಮತಮ್ಮೊಳಗೆ ವರ್ಣಿಸಲಿ; ಒಂದಕ್ಕೆ ನಡುವಿನ ತಾಯಿಬೇರೊಂದು, ಇನ್ನೊಂದಕ್ಕೆ ಕೂದಲಿನಂತೆ ಕವಲಾದ ಹಲವು ಎಂಬುದನ್ನು ಉಪಾಧ್ಯಾಯರು ಕನ್ನಡದಲ್ಲಿ ಸ್ಥಿರಪಡಿಸಲಿ; ವಿಷಯ ಕೈಸೇರಿದ ಮೇಲೆ ಇಂಗ್ಲಿಷಿನ ಪುಟ ತೆರೆಯಲಿ. ಆಗ ಇಂಗ್ಲಿಷು ಗೊತ್ತಿದ್ದ ವಸ್ತುವಿಗೆ ಹೊಸ ಹೆಸರು ಹೇಳುತ್ತದೆ. ಕಡೆಯ ಹತ್ತು ನಿಮಿಷ ಮಕ್ಕಳೇ ಕನ್ನಡದಲ್ಲಿ ತಿರುಗಿ ಹೇಳುವುದರಿಂದ ಯಾರಿಗೆಷ್ಟು ದಕ್ಕಿತೆಂಬುದು ಉಪಾಧ್ಯಾಯರಿಗೆ ತಿಳಿಯುತ್ತದೆ.

ವೇಲ್ಸ್ ದೇಶದ ಸೆನ್ ವಿಲಿಯಮ್ಸ್ ಎಂಬ ಶಿಕ್ಷಣಜ್ಞರು 1990ರ ದಶಕದಲ್ಲಿ, ಒಂದು ಭಾಷೆಯಲ್ಲಿ ಓದಿಸಿ ಇನ್ನೊಂದು ಭಾಷೆಯಲ್ಲಿ ಬರೆಯಿಸುವ ಪದ್ಧತಿಯನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ವೆಲ್ಷ್ ಇಂಗ್ಲಿಷುಗಳ ನಡುವೆ ಬೆಳೆದ ಆ ವಿಚಾರ ಈಗ ಲೋಕವನ್ನೆಲ್ಲ ಸುತ್ತಿದೆ. ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವೆಂದೇ ಪರಿಗಣಿಸಿತು. ಕಾಗದದ ಮೇಲಿನ ವಿವೇಕಕ್ಕೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ.

ಮೇಲಿನ ಬೇರುಗಳ ಪಾಠವನ್ನು ಒಂದು ದಿನದ ಭಾಷಣದಿಂದ ಯಾರಿಗೂ ಕಲಿಸಲಾಗದು. ಅದನ್ನು ಒಮ್ಮೆ ಯೋಜಿಸಬೇಕು, ತರಗತಿಯಲ್ಲಿ ಮಾಡಿ ಸೋಲಬೇಕು, ಸೋತುದನ್ನು ಅಂಜಿಕೆಯಿಲ್ಲದೆ ಸಹೋದ್ಯೋಗಿಯೊಬ್ಬರಿಗೆ ಹೇಳಬೇಕು, ಮತ್ತೆ ಮಾಡಬೇಕು. ಈ ನಾಲ್ಕರಲ್ಲಿ ಮೂರನೆಯದು ಅತ್ಯಂತ ದುರ್ಲಭ. ಅಧಿಕಾರಿ ಬಂದಾಗ ಕಡತ ತೋರಿಸುವ ಅಭ್ಯಾಸವುಳ್ಳ ಇಲಾಖೆಯಲ್ಲಿ ಸೋಲನ್ನು ತೋರಿಸುವ ಅಭ್ಯಾಸ ಬೆಳೆಯುವುದಾದರೂ ಹೇಗೆ?

ಹೆಗ್ಗಡದೇವನಕೋಟೆಯಲ್ಲಿ ನಡೆದದ್ದು

ಅಂಥ ಅಭ್ಯಾಸ ಬೆಳೆಯಲಾರದೆಂದು ನಿರಾಶರಾಗುವವರು 1995ನ್ನು ನೆನೆಯಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಾಲಾ ಉಪಾಧ್ಯಾಯರ ಒಂದು ತಂಡ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಣ್ಣಾರೆ ಕಂಡು, ಹಿಂತಿರುಗಿ ಬಂದು, ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ತಾವೇ ಕುಳಿತು ರಚಿಸಿದರು. ನಲಿಕಲಿ ಎಂಬ ಪದ್ಧತಿ ಹುಟ್ಟಿದ್ದು ಹೀಗೆ.

ಆ ಉಪಾಧ್ಯಾಯರಿಗೆ ಅದರಿಂದ ದೊರೆತ ಶಿಕ್ಷಣ, ಕಾರ್ಡುಗಳಿಂದ ಮಕ್ಕಳಿಗೆ ದೊರೆತುದಕ್ಕಿಂತ ಕಿರಿದಾದದ್ದಲ್ಲವೆಂದು ನನ್ನ ಎಣಿಕೆ. ಒಂದು ಕಾರ್ಡು ಬರೆಯಬೇಕಾದರೆ ಮಗು ಎಲ್ಲಿ ಎಡವುತ್ತದೆಂಬುದನ್ನು ಮೊದಲು ಕಲ್ಪಿಸಿಕೊಳ್ಳಬೇಕಾಗುತ್ತದೆ. ವೃತ್ತಿವಿಕಾಸವೆಂಬುದರ ತಿರುಳೆಲ್ಲ ಆ ಕಲ್ಪನೆಯಲ್ಲಿಯೆ ಇದೆ. 2009-10ರಲ್ಲಿ ಅದೇ ನಲಿಕಲಿ ರಾಜ್ಯದ ಎಲ್ಲ ಸರಕಾರಿ ಶಾಲೆಗಳಿಗೂ ಹೋಯಿತು. ಆಗ ಹೋದದ್ದು ಅಚ್ಚಾದ ಕಾರ್ಡುಗಳ ಕಟ್ಟು. ಹುಮನಾಬಾದದ ಉಪಾಧ್ಯಾಯರಿಗೆ ಫಲ ಮುಟ್ಟಿತು, ಅದನ್ನು ಬೆಳೆದ ಅನುಭವ ಮುಟ್ಟಲಿಲ್ಲ. ಈಗ ದ್ವಿಭಾಷಾ ಪುಸ್ತಕದ ವಿಷಯದಲ್ಲಿಯೂ ಅದೇ ಪುನರಾವರ್ತನೆಯಾಗುತ್ತಿರುವಂತೆ ತೋರುತ್ತದೆ.

ಕೊಡಂಬಲದ ಸೀಮೆಯಲ್ಲಿ ಹೆಗ್ಗಡದೇವನಕೋಟೆಯ ಕೆಲಸವನ್ನು ಪುನಃ ಆರಂಭಿಸಲು ಹೊಸ ಕಟ್ಟಡವೇನೂ ಬೇಕಾಗಿಲ್ಲ. ಪ್ರತಿ ಕ್ಲಸ್ಟರಿನಲ್ಲಿ ಸಮಾಲೋಚನಾ ಸಭೆಯೆಂಬುದೊಂದು ಈಗಾಗಲೇ ನಡೆಯುತ್ತದೆ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಸುತ್ತೋಲೆಗಳನ್ನು ಓದಿ, ಬಿಸಿಯೂಟದ ಲೆಕ್ಕ, ಆಧಾರ್ ಜೋಡಣೆ, ವಿದ್ಯಾರ್ಥಿಗಳ ದಾಖಲೆಯಿಡುವ ಸ್ಯಾಟ್ಸ್ ನಮೂದುಗಳನ್ನು ವಿಚಾರಿಸುವಷ್ಟರಲ್ಲಿ ಆ ಹೊತ್ತು ಮುಗಿದುಹೋಗುತ್ತದೆ. ಸುತ್ತೋಲೆಯನ್ನು ಮೊಬೈಲಿಗೆ ಕಳುಹಿಸಿ, ಆ ಹೊತ್ತನ್ನು ಪಾಠಕ್ಕೆ ಬಿಟ್ಟುಕೊಟ್ಟರೆ, ಹತ್ತು ಶಾಲೆಗಳ ಉಪಾಧ್ಯಾಯರು ಸೇರಿ, ನಮ್ಮ ಮಕ್ಕಳು ಯಾವ ಯಾವ ಅಂಕೆಗಳನ್ನು ತಿರುವುಮುರುವು ಬರೆಯುತ್ತಾರೆ, ಮರಾಠಿ ಮನೆಯ ಮಗುವಿಗೆ ಎಲ್ಲಿ ತೊಡಕು, ಲಂಬಾಣಿ ತಾಂಡಾದ ಮಗುವಿಗೆ ಎಲ್ಲಿ ತೊಡಕು, ಎಂಬ ಒಂದು ಪಟ್ಟಿಯನ್ನಾದರೂ ಬರೆಯಬಹುದು. ಅಂಥ ಪಟ್ಟಿ ಬೆಂಗಳೂರಿನಲ್ಲಿ ತಯಾರಾಗಲಾರದು. ಅಲ್ಲಿ ಆ ಮಕ್ಕಳಿಲ್ಲ.

ಇನ್ನೊಂದನ್ನು ಒತ್ತಿ ಹೇಳಬೇಕಾಗಿದೆ: ಇಲ್ಲಿಯ ಉಪಾಧ್ಯಾಯರು ಭಾಷೆಯ ವಿಷಯದಲ್ಲಿ ದರಿದ್ರರಲ್ಲ. ಕನ್ನಡದಲ್ಲಿ ಪಾಠ, ಪಾಲಕರೊಡನೆ ಮರಾಠಿ, ಬಸ್‌ಸ್ಟ್ಯಾಂಡಿನಲ್ಲಿ ದಖನಿ, ಜಹೀರಾಬಾದದ ಬಂಧುಗಳೊಡನೆ ತೆಲುಗು: ಹೀಗೆ ದಿನದಲ್ಲಿ ನಾಲ್ಕು ನುಡಿಗಳ ನಡುವೆ ಸಂಚರಿಸುವವರು, ತರಬೇತಿಯ ಕೊಠಡಿಗೆ ಕಾಲಿಟ್ಟೊಡನೆ 'ಇಂಗ್ಲಿಷು ಬಾರದವರು' ಎಂಬ ಒಂದೇ ವರ್ಣನೆಗೆ ಗುರಿಯಾಗುತ್ತಾರೆ. ಅವರಲ್ಲಿರುವ ಕೌಶಲವನ್ನು ಗುರುತಿಸಿ, ಅದಕ್ಕೆ ಕ್ರಮವನ್ನು ಕೊಟ್ಟು, ಐದನೆಯದಾಗಿ ಇಂಗ್ಲಿಷನ್ನು ಸೇರಿಸುವ ಪಾಠಪಟ್ಟಿಯನ್ನು ಯಾರಾದರೂ ರಚಿಸುವುದಾದರೆ ಬೀದರದ ಡಯಟ್ಟಿಗಿಂತ ಪ್ರಶಸ್ತವಾದ ಸ್ಥಳ ರಾಜ್ಯದಲ್ಲಿ ಇನ್ನೊಂದಿಲ್ಲ.

ಅತಿಥಿ ಶಿಕ್ಷಕರನ್ನು ಈ ಲೆಕ್ಕದಲ್ಲಿ ಬಿಡಲಾಗದು. ಕಲ್ಯಾಣ ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗದ ಭಾರ ಬೀಳುವುದು ವರ್ಷವರ್ಷವೂ ಹೊಸದಾಗಿ ನೇಮಕಗೊಳ್ಳುವ ಅವರ ಮೇಲೆಯೆ. ಕಲಿತವರು ಮಾರ್ಚಿನಲ್ಲಿ ಹೊರಟುಹೋದರೆ ಕಲಿಸಲು ವೆಚ್ಚವಾದ ಹಣವೂ ಅವರೊಡನೆ ಹೊರಡುತ್ತದೆ.

● ಚೌಕಟ್ಟು: ಗಡಿಯ ಆಚೆ
*1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಒದಗಿಸಬೇಕೆನ್ನುತ್ತದೆ. ಕಾಸರಗೋಡಿನ ಕನ್ನಡಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಉಪಾಧ್ಯಾಯರನ್ನು ನೇಮಿಸಿದಾಗ ಪಾಲಕರು ಬೀದಿಗಿಳಿದುದುಂಟು. ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನ ಕನ್ನಡ ಶಾಲೆಗಳಿಂದಲೂ ಅದೇ ದೂರು ಬಂದಿದೆ. ಕರ್ನಾಟಕದೊಳಗೆ, 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಮೇರೆಗೆ, ಔರಾದ, ಭಾಲ್ಕಿ, ಬಸವಕಲ್ಯಾಣಗಳ ಮರಾಠಿ ಮತ್ತು ಉರ್ದು ಶಾಲೆಗಳ ಮಕ್ಕಳೂ ಕನ್ನಡವನ್ನು ಕಲಿಯಬೇಕು.*

ಮರಾಠಿ ಶಾಲೆಯ ಮಗುವಿಗೆ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸುವವರಿಗೂ, ಕನ್ನಡ ಶಾಲೆಯ ಮಗುವಿಗೆ ಇಂಗ್ಲಿಷಿನಲ್ಲಿ ಗಣಿತ ಹೇಳುವವರಿಗೂ ಬೇಕಾದ ವಿದ್ಯೆ ಬಹುಮಟ್ಟಿಗೆ ಒಂದೇ. ಆದರೆ ಇಲಾಖೆಯ ಬೇರೆ ಬೇರೆ ಮೇಜುಗಳ ಮೇಲಿರುವ ಕಾರಣ ಈ ಇಬ್ಬರೂ ಒಂದೇ ಊರಿನ ಎರಡು ಶಾಲೆಗಳಲ್ಲಿದ್ದರೂ ಒಂದು ತರಬೇತಿಯಲ್ಲಿ ಕೂಡುವ ಸಂದರ್ಭ ಅಪರೂಪ. ಕೂಡಿಸುವುದಕ್ಕೆ ಖರ್ಚೇನೂ ತಗಲುವುದಿಲ್ಲ.

ಇನ್ನು ಕಾಲದ ಲೆಕ್ಕ. 2019ರ ಜೂನಿನಲ್ಲಿ ಮೊದಲ ದ್ವಿಭಾಷಾ ತರಗತಿಗೆ ಸೇರಿದ ಮಕ್ಕಳು ಒಂದು ವರ್ಷವನ್ನೂ ಪೂರ್ತಿ ಮುಗಿಸುವ ಮುನ್ನವೆ ಕೋವಿಡ್ಡಿನಿಂದ ಮನೆ ಸೇರಿದರು. ಕಿರಿಯ ತರಗತಿಗಳು ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು, ಅವರು ಮೂರನೆಯ ತರಗತಿಯಲ್ಲಿದ್ದಾಗ. ಇಂಗ್ಲಿಷಿನ ಅಡಿಪಾಯ ಹಾಕಬೇಕಾಗಿದ್ದ ಕಾಲವೇ ಲುಪ್ತವಾದ ಆ ತಂಡ 2026ರಲ್ಲಿ ಎಂಟನೆಯ ತರಗತಿಯ ಬಾಗಿಲಿಗೆ ಬರುತ್ತದೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ದೊರೆತಷ್ಟು ಸಿದ್ಧತೆಯಾದರೂ ಪ್ರೌಢಶಾಲೆಯವರಿಗೆ ದೊರೆಯಬೇಕಲ್ಲವೆ? ಬೀಜಗಣಿತವನ್ನೂ ರಸಾಯನಶಾಸ್ತ್ರವನ್ನೂ ಈ ಮಕ್ಕಳಿಗೆ ಕನ್ನಡದಲ್ಲಿ ಆರಂಭಿಸಿ ಇಂಗ್ಲಿಷಿನಲ್ಲಿ ಮುಗಿಸುವವರು ಯಾರು, ಅವರು ಅದನ್ನು ಎಲ್ಲಿ ಕಲಿಯುತ್ತಾರೆ ಎಂಬುದನ್ನು ನಿಶ್ಚಯಿಸಲು, ಆ ಮೊದಲ ತಂಡ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ 2029ರ ವರೆಗೆ ಇಲಾಖೆಗೆ ಅವಕಾಶವಿದೆ. ಅದರಲ್ಲಿ ಪ್ರತಿ ಜೂನಿಗೂ ಒಂದು ವರ್ಷ ಕಡಮೆಯಾಗುತ್ತದೆ.